ಜಗಳೂರಿನ ಮಡಿಗೆ ಬಿಟ್ಟ ನೀರು

ಅವರ ಬಲಗೈ ಹೆಬ್ಬೆರಳು ಎಡಗೈಯದಕ್ಕಿಂತ ದಪ್ಪವಾಗಿತ್ತು. ಉಗುರು ಒಂದು ಪಕ್ಕಕ್ಕೆ ಸವೆದು ಓರೆಯಾಗಿತ್ತು, ಮೊದಲ ಗೆಣ್ಣಿನವರೆಗೆ ಚರ್ಮ ಕಪ್ಪಾಗಿತ್ತು, ಎಷ್ಟು ತಿಕ್ಕಿ ತೊಳೆದರೂ ಆ ಮಣ್ಣಿನ ಗೆರೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಬಂದವರೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಸಿಯ ಪ್ಯಾಕೆಟ್ಟುಗಳ ನಡುವೆ ಬಗ್ಗಿ ನಡೆಯುತ್ತ, ಅಲ್ಲೊಂದು ಇಲ್ಲೊಂದು ಪ್ಯಾಕೆಟ್ಟಿನ ಮಣ್ಣಿಗೆ ಆ ಬೆರಳನ್ನು ಗೆಣ್ಣುದ್ದ ಇಳಿಸುವರು. ಒಂದು ಗಳಿಗೆ ಹಾಗೇ ನಿಲ್ಲುವರು. ಬೆರಳು ಹೊರಗೆ ಬರುವ ಹೊತ್ತಿಗೆ ಆ ಸಾಲಿಗೆ ಅಂದು ನೀರು ಬೇಕೋ ಬೇಡವೋ ಎಂಬುದು ತೀರ್ಮಾನವಾಗಿರುತ್ತಿತ್ತು. ಯಾರನ್ನೂ ಕೇಳುವ ಪದ್ಧತಿ ಇರಲಿಲ್ಲ.

ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ದಾರಿಯಲ್ಲಿ, ಕಾಡಿಗೆ ನೆಡುವ ಸಸಿಗಳನ್ನು ಬೆಳೆಸುವ ಸಸ್ಯಕ್ಷೇತ್ರ ಅದು. ಸುತ್ತಲಿನವರ ಬಾಯಲ್ಲಿ ಬರೀ ನರ್ಸರಿ. ಅವರು ಅಲ್ಲಿ ಇಪ್ಪತ್ತೊಂದು ವರ್ಷದಿಂದ ದಿನಗೂಲಿಗೆ ಇದ್ದರು, ಎಲ್ಲರಿಗೂ ನರ್ಸರಿಯಮ್ಮ. ನಾನು ಅರಣ್ಯವಿಜ್ಞಾನದ ಡಿಗ್ರಿ ಮುಗಿಸಿ, ಹೊಸ ಬೂಟು ಹಾಕಿಕೊಂಡು, ಅದೇ ನರ್ಸರಿಯ ಉಸ್ತುವಾರಿಗೆ ಬಂದವಳು. ಮೊದಲ ದಿನವೇ ಅವರು ನನ್ನ ಊರು ಕೇಳಿದರು. ಚನ್ನಗಿರಿ ಕಡೆಯ ತ್ಯಾವಣಿಗೆ ಎಂದೆ. ನನ್ನ ಕೈಯಲ್ಲಿದ್ದ ದೊಡ್ಡ ನೀರಿನ ಬಾಟಲಿಯನ್ನು ನೋಡಿ ನಕ್ಕರು.

"ಚಾನಲ್ ನೀರಿನಾಗೆ ಬೆಳದೋರು. ಅದಕ್ಕೇ ಇಷ್ಟು ದೊಡ್ಡ ಬಾಟ್ಲಿ" ಎಂದರು. "ಮೇಡಮ್ಮ, ನೀವು ಚನ್ನಗಿರಿ ಮಡಿ."

ನನಗೆ ಅರ್ಥವಾಗಲಿಲ್ಲ. ಮಡಿ ಎಂದರೆ ಪ್ಯಾಕೆಟ್ಟುಗಳನ್ನು ಒತ್ತಾಗಿ ಜೋಡಿಸಿಟ್ಟ ಉದ್ದನೆಯ ಪಾತಿ ಎಂದಷ್ಟೇ ಗೊತ್ತಿತ್ತು. ಅವರೇ ಕರೆದುಕೊಂಡು ಹೋಗಿ ತೋರಿಸಿದರು. ನರ್ಸರಿಯ ಮಡಿಗಳನ್ನು ಅವರು ಸಸಿಯ ಜಾತಿ ನೋಡಿ ಇಟ್ಟಿರಲಿಲ್ಲ. ಸಸಿ ಹೋಗಬೇಕಾದ ಊರು ನೋಡಿ ಇಟ್ಟಿದ್ದರು. ಹಸಿರು ಪರದೆಯ ನೆರಳಿನಲ್ಲಿ, ಕೊಳಾಯಿಗೆ ಹತ್ತಿರ ಇರುವುದು ಚನ್ನಗಿರಿ ಮಡಿ. ಅರ್ಧ ನೆರಳು ಅರ್ಧ ಬಿಸಿಲಿನಲ್ಲಿ ಇರುವುದು ಹೊನ್ನಾಳಿ, ನ್ಯಾಮತಿಯ ಮಡಿ. ಎಲ್ಲಕ್ಕಿಂತ ಆಚೆ, ಬೇಲಿಯ ಹತ್ತಿರ, ಮೇಲೆ ಪರದೆಯಿಲ್ಲದೆ, ಇಡೀ ದಿನ ಗಾಳಿ ಹೊಡೆಯುವ ಜಾಗದಲ್ಲಿ ಜಗಳೂರು ಮಡಿ.

ಎಲ್ಲ ಮಡಿಯಲ್ಲೂ ದಿಂಡಿಗ ಎಂಬ ಅದೇ ಕಾಡುಮರದ ಬೀಜ, ಒಂದೇ ಮಣ್ಣು. ಎಳೆಯದರಲ್ಲಿ ಎಲ್ಲಕ್ಕೂ ಒಂದೇ ಆರೈಕೆ. ಆದರೆ ಬೇಸಿಗೆ ಶುರುವಾಗುತ್ತಲೇ ಅವರು ಭೇದ ಮಾಡಲು ತೊಡಗುತ್ತಿದ್ದರು. ಚನ್ನಗಿರಿ ಮಡಿಗೆ ದಿನಾ ನೀರು. ಹೊನ್ನಾಳಿಯದಕ್ಕೆ ದಿನ ಬಿಟ್ಟು ದಿನ. ಜಗಳೂರಿನದಕ್ಕೆ ದಿನದ ಲೆಕ್ಕವೇ ಇಲ್ಲ. ಮಧ್ಯಾಹ್ನ ಎಲೆ ಜೋತುಬಿದ್ದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಸಂಜೆ ಬಿಸಿಲು ಇಳಿದ ಮೇಲೂ ಎಲೆ ಏಳದಿದ್ದರೆ ಮಾತ್ರ ಪೈಪು ಹಿಡಿಯುತ್ತಿದ್ದರು, ಅದೂ ಅಳತೆ ಮಾಡಿ. ಇದು ಅನ್ಯಾಯವಲ್ಲವೇ ಎಂದು ನಾನು ತಮಾಷೆಗೆ ಕೇಳಿದ್ದೆ.

"ಕೊಡೋ ಮನೆ ಹೆಂಗೈತೋ ಹಂಗೆ ಬೆಳೆಸಬೇಕು" ಎಂದರು. "ತುಪ್ಪ ಉಣ್ಣಿಸಿ ಬೆಳೆಸಿ, ಅಂಬಲಿ ಮನೆಗೆ ಕೊಟ್ರೆ ಹುಡುಗಿ ಬಾಳ್ತಾಳೇನ್ರಿ?"

ಈ ಮಾತು ಅವರಿಗೆ ಪುಕ್ಕಟೆ ಬಂದದ್ದಲ್ಲ. ಅವರ ತವರು ಚನ್ನಗಿರಿಯ ತೇಗದ ಕಾಡಿನ ಅಂಚು. ಅಪ್ಪ ಅವ್ವ ಇಬ್ಬರೂ ಕಾಡಿನ ನೆಡುತೋಪಿನ ಕೂಲಿಗಳು. ಮದುವೆಯಾಗಿ ಹೋಗಿದ್ದು ಜಗಳೂರು ಸೀಮೆಗೆ. ಹೋದ ಹೊಸತರಲ್ಲಿ, ಕುಡಿಯಲು ಹೊತ್ತು ತಂದಿಟ್ಟ ನೀರಿನಲ್ಲಿ ಮುಖ ತೊಳೆದಿದ್ದಕ್ಕೆ ಅತ್ತೆ ಊಟ ಬಿಟ್ಟು ಕೂತಿದ್ದರಂತೆ. ಗಂಡ ತೀರಿಕೊಂಡ ಮೇಲೆ ಮಗಳನ್ನು ಎತ್ತಿಕೊಂಡು ಅಣ್ಣನಿದ್ದ ನ್ಯಾಮತಿ ಕಡೆಗೆ ಬಂದರು. ಕಾಲನಿಯ ಅವರ ಒಂದು ಕೋಣೆಯ ಮನೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮುಚ್ಚಳವಿದ್ದ ಎರಡು ಕೊಡ. ಕುಡಿಯುವ ನೀರಿನ ಲೋಟವನ್ನು ಅವರು ಕೊನೆಯ ಗುಟುಕಿನವರೆಗೆ ಕುಡಿಯುತ್ತಿದ್ದರು, ಚೆಲ್ಲಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಮರವೊಂದು ತಾನು ಹೀರಿದ ನೀರಿಗೆ ಪ್ರತಿಯಾಗಿ ಎಷ್ಟು ಮೈ ಕಟ್ಟುತ್ತದೆ ಎಂಬುದಕ್ಕೆ ನಾವು ಕಾಲೇಜಿನಲ್ಲಿ ಓದಿದ ಹೆಸರೊಂದಿದೆ: ನೀರಿನ ಬಳಕೆಯ ದಕ್ಷತೆ. ಹವೆ ಒಣಗಿದರೆ ಎಲೆ ತನ್ನ ಸಣ್ಣ ಬಾಯಿಗಳನ್ನು ಕಿರಿದು ಮಾಡುತ್ತದೆ, ನೀರು ಉಳಿಯುತ್ತದೆ. ಆದರೆ ಅದೇ ಬಾಯಿಯಿಂದ ಆಹಾರಕ್ಕೆ ಬೇಕಾದ ಗಾಳಿಯೂ ಒಳಗೆ ಹೋಗಬೇಕಲ್ಲ, ಆದ್ದರಿಂದ ಬೆಳವಣಿಗೆಯೂ ನಿಧಾನವಾಗುತ್ತದೆ. ಈ ಪ್ರಶ್ನೆಗೆ ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಶಹಬ್ಬಾಸ್ ಅನ್ನಿಸಿಕೊಂಡವಳು. ಆದರೆ ಅದನ್ನು ಕಣ್ಣಿಂದ ನೋಡಿದ್ದು ನರ್ಸರಿಯಮ್ಮನ ದೆಸೆಯಿಂದ.

ನಾನು ಬಂದ ವರ್ಷದ ಮಳೆಗಾಲ ಮುಗಿದ ಮೇಲೆ, ಹಿಂದಿನ ವರ್ಷ ನೆಟ್ಟ ಸಸಿಗಳಲ್ಲಿ ಬದುಕಿದವೆಷ್ಟು ಎಂದು ನೋಡಲು ನಾವಿಬ್ಬರೂ ಹೊರಟೆವು. ಸಸಿ ಸಾಗಿಸುವ ಟೆಂಪೊದ ಭಾಯಿ ನಮ್ಮನ್ನು ಒಂದು ದಿನ ಚನ್ನಗಿರಿ ಕಡೆಗೂ ಮರುದಿನ ಜಗಳೂರು ಕಡೆಗೂ ಕರೆದೊಯ್ದರು. ಚನ್ನಗಿರಿಯ ಕಾಡಿನಲ್ಲಿ ನರ್ಸರಿಯಮ್ಮ ತಮ್ಮ ಚೀಲದಿಂದ ಒಳಗಿನದು ಕಾಣುವಂಥ ತೆಳು ಪ್ಲಾಸ್ಟಿಕ್ ಕವರೊಂದನ್ನು ತೆಗೆದು, ದಿಂಡಿಗದ ಮರದ ಎಲೆತುಂಬಿದ ಒಂದು ರೆಂಬೆಗೆ ತೊಡಿಸಿ, ಬಾಯಿಗೆ ದಾರ ಬಿಗಿದರು. ಯಾರೋ ಓದುವ ಹುಡುಗರು ಎಂದೋ ಬಂದು ಹೀಗೆ ಕಟ್ಟಿದ್ದನ್ನು ನೋಡಿಕೊಂಡಿದ್ದರಂತೆ. ನಾವು ಸಸಿ ನೋಡಿ, ಬುತ್ತಿ ಉಂಡು ಮಧ್ಯಾಹ್ನ ತಿರುಗಿ ಬಂದಾಗ ಕವರಿನ ಮೂಲೆಯಲ್ಲಿ ನೀರು ಕೂಡಿ ತೂಗುತ್ತಿತ್ತು. ಅದನ್ನು ನನ್ನ ಅಂಗೈಗೆ ಸುರಿದರು. ಬೊಗಸೆಯ ತಳ ತೋಯುವಷ್ಟು ಇತ್ತು.

ಮರುದಿನ ಜಗಳೂರಿನ ಗುಡ್ಡದಲ್ಲಿ ಅಷ್ಟೇ ದಪ್ಪದ ದಿಂಡಿಗಕ್ಕೆ, ಅಷ್ಟೇ ಎಲೆಯ ರೆಂಬೆಗೆ ಕಟ್ಟಿದರು. ಅಲ್ಲಿ ನೆರಳೆಂಬುದು ತೇಪೆ ಹಾಕಿದ ಹಾಗೆ, ಇದ್ದೂ ಇಲ್ಲದ್ದು. ಗುಡ್ಡದ ನೆತ್ತಿಯ ಗಾಳಿಯಂತ್ರಗಳು ನಿಲ್ಲದೆ ತಿರುಗುತ್ತಿದ್ದವು, ಆ ಗಾಳಿಗೆ ನನ್ನ ತುಟಿ ಹತ್ತು ಗಂಟೆಗೇ ಒಡೆದಿತ್ತು. ಮಧ್ಯಾಹ್ನ ಬಂದು ನೋಡಿದರೆ ಕವರಿನ ಒಳಗೆ ಬರೀ ಮಂಜು ಮುಸುಕಿದಂತೆ ಇತ್ತು. ಒಂದು ಹನಿಯೂ ಉರುಳುವಂತಿರಲಿಲ್ಲ.

"ಅಲ್ಲೀದು ಕೈ ಬಿಚ್ಚಿ ಖರ್ಚು ಮಾಡತೈತೆ" ಎಂದರು. "ಇದು ಬಾಯಿ ಮುಚ್ಕಂಡು ದುಡೀತೈತೆ. ಒಂದು ಕೊಡ ನೀರು ಕೊಟ್ಟರೆ ಅದಕ್ಕಿಂತ ಇದೇ ಜಾಸ್ತಿ ಕಟ್ಟಿಗೆ ಮಾಡೋದು, ನೋಡ್ರಿ."

"ಹಾಗಾದರೆ ನೀರು ಕಡಿಮೆಯಾದಷ್ಟೂ ಮರ ಜಾಣ ಆಗುತ್ತದೆ ಅನ್ನಿ" ಎಂದೆ, ಪುಸ್ತಕದ ಹುಮ್ಮಸ್ಸಿನಲ್ಲಿ.

ಅವರು ನನ್ನನ್ನು ಹತ್ತಿರದ ಒಂದು ಬಂಡೆಯ ಕಡೆಗೆ ಕರೆದೊಯ್ದರು. ಅಲ್ಲಿ ನಾಲ್ಕು ಮರ ನಿಂತಲ್ಲೇ ಒಣಗಿ ಬಿಳಿಚಿಕೊಂಡಿದ್ದವು. "ಒಂದೊತ್ತು ಉಪವಾಸ ಮಾಡಿದ್ರೆ ಮೈಗೆ ಒಳ್ಳೇದು. ದಿನಾ ಮೂರೊತ್ತೂ ಮಾಡಿದ್ರೆ ಹೆಣ. ಇವಕ್ಕೂ ಒಂದು ಹದ ಐತ್ರಿ. ಅದು ದಾಟಿದ್ರೆ ಜಾಣತನ ನಡೆಯಾಕಿಲ್ಲ" ಎಂದರು. ಆಮೇಲೆ ಟೆಂಪೊ ಹತ್ತುವಾಗ, ಯಾರಿಗೋ ಹೇಳಿದಂತೆ, "ನನಗೆ ಚಿಂತೆ ಇವುಗಳದ್ದಲ್ಲ. ಆ ಕಡೆ ಚನ್ನಗಿರಿ ಮರಗಳದ್ದು. ಅವಕ್ಕೆ ಬಡತನ ಗೊತ್ತಿಲ್ಲ. ಮಳೆ ಒಂದು ವರ್ಷ ಕೈ ಕೊಟ್ರೆ ಏನು ಮಾಡತಾವೋ" ಎಂದರು. ಅವರ ಮಾತಿನಲ್ಲಿ ಹೊಸದೇನೂ ನನಗೆ ಕಾಣಲಿಲ್ಲ, ನಾನು ಓದಿದ್ದನ್ನೇ ಅವರು ತಮ್ಮ ಭಾಷೆಯಲ್ಲಿ ಹೇಳುತ್ತಿದ್ದಾರೆ ಎಂದು ಹೆಮ್ಮೆಪಟ್ಟೆ. ಯಾರ ಮೇಲೆ ಹೆಮ್ಮೆ ಎಂದು ಕೇಳಿದರೆ, ನಾಚಿಕೆಯಿಂದ ಹೇಳಬೇಕು, ನನ್ನ ಮೇಲೆಯೇ.

ಇಷ್ಟು ತಿಳಿದೂ ನಾನು ಆ ತಪ್ಪು ಮಾಡಿದೆ. ತಿಳಿಯದೆ ಮಾಡಿದೆ ಎಂದು ಬರೆದರೆ ಅದು ಸುಳ್ಳಾಗುತ್ತದೆ.

ಮುಂದಿನ ಬೇಸಿಗೆಯಲ್ಲಿ ನಮ್ಮ ಸಾಹೇಬರು ನರ್ಸರಿ ನೋಡಲು ಬರುತ್ತಾರೆಂದು ಫೋನ್ ಬಂತು. ಜೊತೆಗೆ ಅವರ ಮೇಲಿನವರೂ ಬರುವವರಿದ್ದರು. ಬರುವುದಕ್ಕೆ ಇನ್ನೂ ನಾಲ್ಕು ವಾರ ಇತ್ತು. ನಾನು ನರ್ಸರಿಯನ್ನು ಒಂದು ಸುತ್ತು ಹಾಕಿದೆ. ಚನ್ನಗಿರಿ ಮಡಿ ಮದುವೆ ಮನೆಯ ಹಾಗೆ ಹಸಿರಾಗಿತ್ತು. ಜಗಳೂರು ಮಡಿಯ ಸಸಿಗಳು ಗೇಣುದ್ದ, ಸಣಕಲು, ಎಲೆ ಮಾಸಲು. ನೋಡಿದವರು ಇದನ್ನು ಅಲಕ್ಷ್ಯ ಎಂದೇ ಅನ್ನುತ್ತಾರೆ ಎನ್ನಿಸಿತು. ನನ್ನ ಕೆಲಸ ಇನ್ನೂ ಪ್ರೊಬೇಷನ್ನಿನಲ್ಲಿತ್ತು. ಆ ವರ್ಷವೇ ನರ್ಸರಿಯಮ್ಮನನ್ನು ಖಾಯಂ ಮಾಡುವ ಫೈಲೂ ಸಾಹೇಬರ ಮೇಜಿಗೆ ಹೋಗಿತ್ತು. ಇಪ್ಪತ್ತೆರಡು ವರ್ಷದ ಮೇಲೆ ಬಂದ ಫೈಲು ಅದು, ಅವರಿಗೆ ಉಳಿದ ವಯಸ್ಸಿಗೆ ಅದು ಮೊದಲನೆಯದೂ ಕೊನೆಯದೂ ಆಗಿತ್ತು. ಇಬ್ಬರಿಗೂ ಒಳ್ಳೆಯದಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

"ನಾಳೆಯಿಂದ ಜಗಳೂರು ಮಡಿಗೆ ಎರಡು ಹೊತ್ತು ನೀರು ಬಿಡಿ. ನಾನು ಯೂರಿಯಾ ಕಲಸಿ ಕೊಡ್ತೀನಿ" ಎಂದೆ.

ಅವರು ಪೈಪು ಸುತ್ತುತ್ತಿದ್ದವರು ನಿಲ್ಲಿಸಿದರು. "ಬ್ಯಾಡ್ರಿ ಮೇಡಮ್ಮ. ಈಗ ನೀರಿನ ರುಚಿ ತೋರಿಸಿದ್ರೆ ಬೇರು ಮ್ಯಾಲೇ ಕುಂತು ಬಿಡತೈತೆ. ಆಮೇಲೆ ಅಲ್ಲಿ ಹೋಗಿ ಇಳಿಯಾಕಿಲ್ಲ."

"ಒಂದು ತಿಂಗಳು, ಸಾಹೇಬರು ಬಂದು ಹೋಗೋ ತನಕ ಚೆನ್ನಾಗಿ ಕಾಣಲಿ ಸಾಕು. ಆಮೇಲೆ ನಿಲ್ಲಿಸೋಣ."

"ಹದಿನೈದು ದಿನದಾಗೆ ಮಕ್ಕಳು ಕೆಡತಾವ್ರಿ."

"ನಾನು ಓದಿದ್ದೀನಿ ನರ್ಸರಿಯಮ್ಮ" ಎಂದೆ. ಎಂದೋ ಯಾರಿಗೋ ಹೇಳಿದ ಮಾತಿಗೆ ನಡುರಾತ್ರಿ ಎದ್ದು ಕೂತು ನಾಚಿಕೆಪಡುವಂಥದ್ದು ಎಲ್ಲರ ಬದುಕಿನಲ್ಲೂ ಒಂದಿರುತ್ತದೆ, ನನ್ನದು ಇದು. ಅವರು ಪೈಪು ಸುತ್ತಿ ಮುಗಿಸಿ ಮನೆಗೆ ಹೊರಟರು. ಮರುದಿನ ಬೆಳಿಗ್ಗೆ ಬೆರಳನ್ನು ಮಣ್ಣಿಗೆ ಇಳಿಸದೆಯೇ ಜಗಳೂರು ಮಡಿಗೆ ಪೈಪು ಹಿಡಿದರು.

ಸಸಿಗಳು ವಾರದಲ್ಲಿ ಚಿಗುರಿದವು. ತಿಂಗಳಲ್ಲಿ ಮೊಣಕಾಲೆತ್ತರಕ್ಕೆ ಬಂದು, ಬಾಳೆಸುಳಿಯ ಹಾಗೆ ಮೆತ್ತನೆಯ ಎಲೆ ಬಿಟ್ಟವು. ಸಾಹೇಬರ ಭೇಟಿ ಮುಂದಕ್ಕೆ ಹೋಯಿತು, ಆದ್ದರಿಂದ ನೀರೂ ಮುಂದುವರಿಯಿತು. ಅವರು ಬಂದದ್ದು ಮಳೆಗೆ ವಾರವಿರುವಾಗ. ಮೇಲಿನವರು ಜಗಳೂರು ಮಡಿಯ ಮುಂದೆಯೇ ನಿಂತು ಫೋಟೊ ಹೊಡೆಸಿಕೊಂಡು, ಇಂಥ ಸಸಿ ಈ ಭಾಗದಲ್ಲೇ ನೋಡಿಲ್ಲ ಎಂದರು. ನಾನು ನಕ್ಕು ನಿಂತೆ. ನರ್ಸರಿಯಮ್ಮ ಪಂಪ್‌ಹೌಸಿನ ಹಿಂದೆ ಏನೋ ಕೆಲಸದಲ್ಲಿದ್ದರು. ಕರೆದರೂ ಬರಲಿಲ್ಲ.

ಮೊದಲ ಮಳೆಗೆ ಸಸಿಗಳು ಜಗಳೂರಿನ ಗುಡ್ಡಕ್ಕೆ ಹೋದವು. ನೆಟ್ಟ ಮೇಲೆ ಒಂದು ವಾರ ಮೋಡ ಇತ್ತು, ಆಮೇಲೆ ಮಳೆ ಹಿಂದೆ ಸರಿಯಿತು. ಜಗಳೂರಿನಲ್ಲಿ ಅದು ಹೊಸದಲ್ಲ. ಆಷಾಢದ ಗಾಳಿ ಹಗಲೆಲ್ಲ ಬೀಸಿತು. ಟೆಂಪೊದ ಭಾಯಿ ಫೋನ್ ಮಾಡಿದರು.

"ಮೇಡಂ, ಗಿಡ ಪೂರಾ ತಲೆ ಹಾಕ್ಯಾವೆ. ಮುಟ್ಟಿದ್ರೆ ಎಲೆ ಪುಡಿ ಆಗ್ತೈತೆ. ಬಂದು ನೋಡ್ರಿ" ಎಂದರು.

ನಾನು ಹೋಗುವ ಮೊದಲೇ ಸುದ್ದಿ ಸಾಹೇಬರಿಗೆ ಹೋಗಿತ್ತು. ಅವರೇ ನರ್ಸರಿಗೆ ಬಂದರು. ಕೆಟ್ಟ ಮನುಷ್ಯರಲ್ಲ, ಆದರೆ ಮೇಲಿನವರು ಫೋಟೊ ಹೊಡೆಸಿಕೊಂಡ ಸಸಿಗಳೇ ಸತ್ತಿದ್ದವು, ಉತ್ತರ ಹೇಳುವವರೊಬ್ಬರು ಅವರಿಗೂ ಬೇಕಿತ್ತು. ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಕೂತರು. ಸತ್ತ ಸಸಿಯೊಂದು ಅವರ ಕಾಲ ಬಳಿ ಇತ್ತು. ನೀರು ಕಡಿಮೆ ಮಾಡಿ ಗಡಸು ಮಾಡದೆ ಕಳಿಸಿದ್ದೀರಿ, ಕೊನೆ ತಿಂಗಳು ನೀರು ಯಾರು ಬಿಟ್ಟಿದ್ದು ಎಂದು ಕೇಳಿದರು. ನನ್ನನ್ನೇ ನೋಡಿ ಕೇಳಿದ್ದು.

ನನ್ನ ಬಾಯಿ ತೆರೆಯಿತು. ಮಾತು ಬರುವ ಮೊದಲು ನನ್ನ ಪಕ್ಕದಿಂದ ದನಿ ಬಂತು.

"ನಾನ್ರಿ ಸಾಹೇಬ್ರ. ನೀರು ಬಿಟ್ಟಿದ್ದು ನಾನು."

"ಯಾರು ಹೇಳಿದ್ದು?"

"ಯಾರು ಹೇಳಬೇಕ್ರಿ. ಇಪ್ಪತ್ತೆರಡು ವರ್ಷ ಬಿಟ್ಟೀನಿ."

ಸಾಹೇಬರು ಮತ್ತೆ ನನ್ನ ಕಡೆ ತಿರುಗಿದರು. ಆಗ ಹೇಳಬಹುದಿತ್ತು. ಒಂದು ವಾಕ್ಯ ಸಾಕಿತ್ತು. ನಾನು ನೆಲ ನೋಡಿದೆ. ಹೆದರಿಕೆ ಎಂದು ಹೇಳಬಹುದು, ಆದರೆ ಹೆದರಿಕೆಗಿಂತ ಮೊದಲು ಬಂದದ್ದು ನಿರಾಳ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಮರುದಿನದಿಂದ ಅವರು ಬರುವುದು ಬೇಡ ಎಂದಾಯಿತು. ಖಾಯಂ ಮಾಡುವ ಫೈಲು, ಕೆಲಸದಲ್ಲಿ ತೀವ್ರ ನಿರ್ಲಕ್ಷ್ಯ ಎಂಬ ಷರಾದೊಂದಿಗೆ ವಾಪಸ್ಸು ಬಂತು. ಅದನ್ನು ಕಪಾಟಿನಲ್ಲಿ ಇಟ್ಟವಳೂ ನಾನೇ.

ಎರಡು ವಾರ ಕಳೆದು ಅವರು ನರ್ಸರಿಯ ಗೇಟಿನ ಹೊರಗೆ ಬಂದು ನಿಂತರು. ಒಳಗೆ ಬನ್ನಿ ಎಂದೆ. ಬರಲಿಲ್ಲ. "ರಜಾ ಹಾಕ್ರಿ ಮೇಡಮ್ಮ. ಜಗಳೂರಿಗೆ ಹೋಗಬೇಕು. ಗುದ್ದಲಿ ತಗಳ್ರಿ" ಎಂದರು. ದಾವಣಗೆರೆಗೆ ಹೋಗಿ ಅಲ್ಲಿಂದ ಜಗಳೂರಿನ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ನಾನು ಕ್ಷಮೆ ಕೇಳುವ ಮಾತು ಹೊಂದಿಸುತ್ತಿದ್ದೆ. ಅವರು ಕಿಟಕಿಯಿಂದ ಹೊರಗೆ, ಮೆಕ್ಕೆಜೋಳದ ಹೊಲಗಳನ್ನು ನೋಡುತ್ತಿದ್ದರು.

ಗುಡ್ಡದಲ್ಲಿ ಅವರು ನನ್ನ ಕೈಯಿಂದಲೇ ಸತ್ತ ಸಸಿಗಳನ್ನು ಅಗೆಸಿದರು. ಒಂದಲ್ಲ, ಹತ್ತು. ಒಂದೊಂದನ್ನೂ ಮಣ್ಣು ಕೊಡವಿ ಸಾಲಾಗಿ ಮಲಗಿಸಿದೆವು. ಎಲ್ಲದರ ಬೇರೂ ಪ್ಯಾಕೆಟ್ಟಿನ ಆಕಾರದಲ್ಲೇ, ಸಿಂಬೆಯ ಹಾಗೆ ಸುತ್ತಿಕೊಂಡು ಮೇಲೆಯೇ ನಿಂತಿತ್ತು. ಒಂದು ಎಳೆಯೂ ಕೆಳಗೆ ಇಳಿದಿರಲಿಲ್ಲ. ಮೇಲೆ ಮೊಣಕಾಲೆತ್ತರದ ದಂಟು, ಅಗಲ ಎಲೆ. ಕೆಳಗೆ ಅಂಗೈಯಷ್ಟು ಬೇರು. ಇಷ್ಟು ಎಲೆಯ ಖರ್ಚನ್ನು ಇಷ್ಟು ಬೇರು ಹೇಗೆ ತೂಗಿಸೀತು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

"ನೋಡಿದ್ರಾ?" ಎಂದರು.

"ನೋಡಿದೆ."

"ಬರ್ರಿ ಹಂಗಾದ್ರೆ."

ಗುಡ್ಡದ ಇನ್ನೊಂದು ಮಗ್ಗುಲಿಗೆ, ಒಡ್ಡಿನ ಕೆಳಗೆ ಕರೆದೊಯ್ದರು. ಅಲ್ಲಿ ಎರಡು ಸಾಲು ಸಸಿ ಬದುಕಿದ್ದವು. ಗೇಣುದ್ದ, ಸಣಕಲು, ಎಲೆ ಮಾಸಲು. ಮುಟ್ಟಿದರೆ ಎಲೆ ಚರ್ಮದ ಹಾಗೆ ಗಟ್ಟಿ. ಒಂದನ್ನು ಅಗೆಯಲು ಬಗ್ಗಿದೆ, ಅವರು ಕೈ ಹಿಡಿದು ತಡೆದರು. "ಬ್ಯಾಡ, ಇದು ಬದುಕೈತೆ. ಬೇರು ಎಷ್ಟು ಇಳಿದೈತೆ ಅಂತ ಅದಕ್ಕೇ ಗೊತ್ತು."

ಇವು ಎಲ್ಲಿಯವು ಎಂದು ಕೇಳಿದೆ.

"ಪಂಪ್‌ಹೌಸಿನ ಹಿಂದೆ ಒಂದು ಮಡಿ ಎತ್ತಿಟ್ಟಿದ್ದೆ. ಅದಕ್ಕೆ ನೀರು ಬಿಡಲಿಲ್ಲ. ಅವನ್ನೂ ಟೆಂಪೊದಾಗೆ ಹಾಕಿ ಕಳಿಸಿದ್ದೆ. ನೀವು ಹೇಳಿದ್ದು ಕೇಳಲಿಲ್ಲ, ತಪ್ಪಾತು" ಎಂದರು. ಅದರಲ್ಲಿ ಚುಚ್ಚುಮಾತು ಇರಲಿಲ್ಲ. ನಿಜವಾಗಿಯೂ ತಪ್ಪೆಂದೇ ಹೇಳಿದ್ದು.

ನಾನು ಆ ಒಡ್ಡಿನ ಮೇಲೆ ಕೂತುಬಿಟ್ಟೆ. ಈ ಎರಡು ಸಾಲನ್ನು ಸಾಹೇಬರಿಗೆ ತೋರಿಸಿದ್ದರೆ ಸಾಕಿತ್ತು. ನೀರು ಬಿಡಬಾರದೆಂದು ತಿಳಿದವರೇ ನೀರು ಬಿಟ್ಟದ್ದು ಯಾರ ಮಾತಿಗೆ ಎಂದು ತಾನಾಗಿ ಹೊರಬೀಳುತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ಮೇಲಿನ ಪ್ರೀತಿಯಿಂದ ಎಂಬ ಉತ್ತರವನ್ನು ನಿರೀಕ್ಷಿಸಿದ್ದೆನೋ ಏನೋ, ಅಷ್ಟು ಮೂರ್ಖಳಾಗಿದ್ದೆ.

"ಹೇಳಿದ್ರೆ ನಿಮ್ಮನ್ನ ಕಳಿಸ್ತಿದ್ರು" ಎಂದರು. "ನಿಮ್ಮ ಜಾಗಕ್ಕೆ ಇನ್ನೊಬ್ರು ಬರ್ತಿದ್ರು, ಅವರೂ ಓದಿದೋರೇ. ಅವರೂ ಒಂದು ಸಾರಿ ನೀರು ಬಿಡಿಸ್ತಿದ್ರು. ಮತ್ತೆ ಇಷ್ಟು ಸಸಿ ಸಾಯತಿದ್ವು. ನಿಮಗಾದ್ರೆ ಈಗ ಗೊತ್ತಾಗೈತೆ, ಇನ್ನು ಬಿಡಾಕಿಲ್ಲ. ನನಗೆ ಎಷ್ಟು ವರ್ಷ ಉಳಿದಿತ್ರಿ? ನಿಮಗೆ ಮೂವತ್ತು ವರ್ಷ ಐತೆ."

ಬಸ್ಸಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. "ಇಲ್ಲಿ ಅಳಬ್ಯಾಡ್ರಿ, ಮಂದಿ ನಾನು ಬೈದೀನಿ ಅಂತಾರೆ" ಎಂದು ಸೆರಗು ಕೊಟ್ಟರು. ಪ್ರೊಬೇಷನ್ ಮುಗಿದ ಕೂಡಲೇ ಎಲ್ಲ ಬರೆದುಕೊಡುತ್ತೇನೆ, ನಿಮ್ಮ ಷರಾ ತೆಗೆಸುತ್ತೇನೆ ಎಂದು ಮಾತು ಕೊಟ್ಟೆ. "ಆತು" ಎಂದರು, ಅಷ್ಟೇ.

ಪ್ರೊಬೇಷನ್ ಮುಗಿಯಿತು. ಪತ್ರವನ್ನೂ ಬರೆದೆ, ಒಂದೂವರೆ ಪುಟ. ಅದು ನನ್ನ ಚೀಲದ ಒಳಜೇಬಿನಲ್ಲಿ ಉಳಿಯಿತು. ಮೊದಲು, ಬಡ್ತಿಯ ಪಟ್ಟಿ ಆಗಲಿ ಎಂದುಕೊಂಡೆ. ಆಮೇಲೆ, ಸಾಹೇಬರು ನಿವೃತ್ತರಾಗಲಿ ಎಂದುಕೊಂಡೆ. ಆಮೇಲೆ ಏನೂ ಅಂದುಕೊಳ್ಳುವುದನ್ನೇ ಬಿಟ್ಟೆ. ನೆಪ ಹುಡುಕುವವರಿಗೆ ಹೊತ್ತು ಗೊತ್ತಿಲ್ಲ.

ಅವರು ನ್ಯಾಮತಿಯ ಮನೆ ಬಿಟ್ಟು, ಸಂತೇಬೆನ್ನೂರಿಗೆ ಕೊಟ್ಟಿದ್ದ ಮಗಳ ಮನೆಗೆ ಹೋದರು. ವರ್ಷಕ್ಕೆ ಎರಡು ಮೂರು ಸಲ ನಾನು ಹೋಗುತ್ತಿದ್ದೆ. ಮಗಳು ಅಂಗನವಾಡಿಯಲ್ಲಿ ಸಹಾಯಕಿ, ಮಾತು ಕಡಿಮೆ, ನನಗೆ ಚಹಾ ಕೊಟ್ಟು ಒಳಗೆ ಹೋಗಿಬಿಡುವಳು. ನರ್ಸರಿಯಮ್ಮ ಪತ್ರದ ವಿಷಯ ಒಂದು ಸಲವೂ ಎತ್ತಲಿಲ್ಲ. ಕೇಳುತ್ತಿದ್ದದ್ದೆಲ್ಲ ಸಸಿಗಳ ಸುದ್ದಿ: ಒಡ್ಡಿನ ಕೆಳಗಿನವು ಎಷ್ಟು ಎತ್ತರ ಬಂದವು, ಈ ಸಲ ಜಗಳೂರು ಮಡಿಗೆ ಯಾವ ತಿಂಗಳು ನೀರು ಕಮ್ಮಿ ಮಾಡಿದಿರಿ. ಒಂದು ವರ್ಷ ಚನ್ನಗಿರಿ ಕಡೆ ಮಳೆ ನಿಜಕ್ಕೂ ಕೈ ಕೊಟ್ಟಿತು. ಅಲ್ಲಿನ ಕಾಡಿನಲ್ಲಿ ದೊಡ್ಡ ದೊಡ್ಡ ಮರಗಳೇ ನೆತ್ತಿಯಿಂದ ಒಣಗುತ್ತ ಬಂದವು, ಜಗಳೂರಿನ ಕುರುಚಲು ಎಲೆ ಉದುರಿಸಿ ಸುಮ್ಮನೆ ನಿಂತು ಉಳಿಯಿತು. ಆ ಸುದ್ದಿ ಹೇಳಿದಾಗ ಅವರು ಲೋಟದ ಕೊನೆಯ ಗುಟುಕು ಕುಡಿದು ಕೆಳಗಿಟ್ಟರು.

"ಇನ್ನು ಮ್ಯಾಲೆ ಚನ್ನಗಿರಿ ಮಡಿಗೂ ನೀರು ಕಮ್ಮಿ ಮಾಡ್ರಿ" ಎಂದರು. "ಒಂದೇ ಸಾರಿ ಬ್ಯಾಡ. ವರ್ಷ ವರ್ಷ ಒಂದೀಟು. ತುಪ್ಪದ ಮನೆ ಅಂತ ನಂಬಾಕೆ ಈಗ ಯಾವ ಮನೆಯೂ ಉಳಿದಿಲ್ಲ."

ಅಂದಿನಿಂದ ಹಾಗೇ ಮಾಡುತ್ತ ಬಂದಿದ್ದೇನೆ. ನನ್ನ ಕೈ ಕೆಳಗೆ ಬಂದ ಹೊಸಬರನ್ನು ಮೊದಲ ವಾರವೇ ಜಗಳೂರಿಗೆ ಕರೆದೊಯ್ದು ಸತ್ತ ಸಸಿಗಳನ್ನು ಅಗೆಸುತ್ತೇನೆ. ನರ್ಸರಿಗಳಿಗೆ ನೀರಿನ ಹದ ಹೇಳುವ ಟಿಪ್ಪಣಿಯೊಂದನ್ನು ಇಲಾಖೆಯವರು ಬರೆಸಿದರು, ಅದನ್ನು ಬರೆದವಳು ನಾನೆಂದು ನನ್ನ ಹೆಸರಿದೆ. ಅದರ ಒಂದು ಸಾಲೂ ನನ್ನದಲ್ಲ.

ಈ ವರ್ಷ ಬೇಸಿಗೆಯ ಬಾಯಲ್ಲಿ ಅವರು ತೀರಿಕೊಂಡರು. ಮೂರು ದಿನದ ಜ್ವರ. ನನಗೆ ತಿಳಿದು ಸಂತೇಬೆನ್ನೂರು ತಲುಪುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಓಣಿಯ ಹೆಂಗಸರು ಜಗಲಿಯ ಮೇಲೆ ಕೂತಿದ್ದರು. ನಾನು ಚಪ್ಪಲಿ ಬಿಡುವಾಗ ಒಬ್ಬರು ಇನ್ನೊಬ್ಬರಿಗೆ, "ಸಸಿ ಸುಟ್ಟಾಕಿಯ ಆಫೀಸಿನೋರು" ಎಂದದ್ದು ಕೇಳಿಸಿತು. ಓಣಿಯಲ್ಲಿ ಅವರನ್ನು ಹಾಗೆ ಕರೆಯುತ್ತಿದ್ದರು ಎಂದು ನನಗೆ ಅಂದೇ ಗೊತ್ತಾದದ್ದು. ಅಷ್ಟು ಸಲ ಹೋಗಿದ್ದೆ, ಅಷ್ಟು ಚಹಾ ಕುಡಿದಿದ್ದೆ.

ಮಗಳು ಒಳಗೆ ಗೋಡೆಗೆ ಒರಗಿ ಕೂತಿದ್ದಳು. ನಾನು ಎದುರಿಗೆ ಕೂತು ಹೇಳಿದೆ. ನಿಮ್ಮವ್ವ ತಪ್ಪು ಮಾಡಿಲ್ಲ, ನೀರು ಬಿಡಲು ಹೇಳಿದ್ದು ನಾನು, ಬೇಡ ಎಂದರೂ ಬಿಡಿಸಿದೆ, ಕೇಳಿದಾಗ ಸುಮ್ಮನಿದ್ದೆ ಎಂದು.

"ನಾನೂ ಬೈದೀನಲ್ರಿ" ಎಂದಳು. "ಇಷ್ಟು ವರ್ಷ ಮಾಡಿ ಕಡೀಗೆ ಹಿಂಗೆ ಹಾಳು ಮಾಡ್ಕಂಡೆಲ್ಲ ಅಂತ ಎಷ್ಟು ಸಾರಿ ಬೈದೀನಿ. ಒಂದು ದಿನಾನೂ ಬಾಯಿ ಬಿಡಲಿಲ್ಲ ನಮ್ಮವ್ವ. ನೀವು ಚಾ ಕುಡಿಯೋ ಮುಂದಾದ್ರೂ ಹೇಳಬಾರದಾಗಿತ್ತಾ? ನಾನು ಬೈತಿರಲಿಲ್ಲ."

ನಾನು ಚೀಲದ ಒಳಜೇಬಿನಿಂದ ಆ ಪತ್ರ ತೆಗೆದೆ. ಮಡಿಕೆಯ ಗೆರೆಯಲ್ಲಿ ಅದು ಹರಿದುಹೋಗುವಂತಿತ್ತು. ನಾಳೆ ಬೆಳಿಗ್ಗೆಯೇ ಆಫೀಸಿಗೆ ಕೊಡುತ್ತೇನೆ, ಒಂದು ಪ್ರತಿ ನಿಮಗೂ ತಂದುಕೊಡುತ್ತೇನೆ ಎಂದೆ. ಅವಳು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದಳು. ಜಗಲಿಯ ಮೇಲಿದ್ದ ಹೆಂಗಸರು ತಿರುಗಿ ನೋಡಿದರು.

"ಆಫೀಸಿಗೆ ಆಮೇಲೆ ಕೊಡ್ರಿ. ಇಲ್ಲಿ ಬಂದು ನಿಂತು ಓದ್ರಿ" ಎಂದಳು. "ಜೋರಾಗಿ. ಓಣಿಗೆ ಕೇಳಬೇಕು."

ಹೊಸ್ತಿಲಲ್ಲಿ ನಿಂತು ಓದಿದೆ. ಎದುರು ಮನೆಯವರು ಹೊರಗೆ ಬಂದರು, ದಾರಿಯಲ್ಲಿ ಹೋಗುತ್ತಿದ್ದವರು ನಿಂತರು. ಬೇಡವೆಂದು ಅವರು ಹೇಳಿದ ಮಾತನ್ನು ಪತ್ರದಲ್ಲಿ ಅವರ ನುಡಿಯಲ್ಲೇ ಬರೆದಿದ್ದೆ. ಆ ಸಾಲಿಗೆ ಬಂದಾಗ ನನ್ನ ದನಿ ನಿಂತುಹೋಯಿತು. ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು, ನನ್ನನ್ನು ನೋಡುತ್ತಿರಲಿಲ್ಲ, ಓಣಿಯನ್ನು ನೋಡುತ್ತಿದ್ದಳು.

"ನಿಲ್ಲಿಸಬ್ಯಾಡ್ರಿ" ಎಂದಳು. "ಮುಂದಕ್ಕೆ ಓದ್ರಿ."